ಪವನಿನ ಲೆಕ್ಕದಲ್ಲಿ ಫ್ಯೂಚರ್ಸ್: ಸಣ್ಣ ಚಿನ್ನದಂಗಡಿಯವರು ಎಂಸಿಎಕ್ಸ್ ಬಳಸುವ ಬಗೆ

ಆಟಿ ತಿಂಗಳು ಮುಗಿಯುತ್ತಲೇ ಗಿರಾಕಿಯೊಬ್ಬರು ಬಂದು ಹತ್ತು ಪವನಿನ ಒಡವೆಗೆ ಆ ದಿನದ ರೇಟನ್ನೇ ಗಟ್ಟಿ ಮಾಡಿ, ಮುಂಗಡ ಕೊಟ್ಟು ಹೋಗುತ್ತಾರೆ. ಮದುವೆ ನವೆಂಬರಿನಲ್ಲಿ. ಅಷ್ಟರೊಳಗೆ ಚಿನ್ನ ಗ್ರಾಂಗೆ 500 ರೂಪಾಯಿ ಏರಿದರೆ, ಮಜೂರಿಯಲ್ಲಿ ಉಳಿಯಬೇಕಾಗಿದ್ದ ದುಡ್ಡೆಲ್ಲ ಗಟ್ಟಿ ಚಿನ್ನ ಕೊಳ್ಳುವುದರಲ್ಲೇ ಕರಗಿಹೋಗುತ್ತದೆ. ದೊಡ್ಡ ಮಳಿಗೆಗಳು ಅದೇ ಸಂಜೆ ಮುಂಬಯಿಯ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನಲ್ಲಿ ಅಷ್ಟೇ ತೂಕದ ಫ್ಯೂಚರ್ಸ್, ಅಂದರೆ ಮುಂದಿನ ತಿಂಗಳೊಂದಕ್ಕೆ ಇವತ್ತೇ ಬೆಲೆ ನಿಲ್ಲಿಸುವ ಒಪ್ಪಂದ, ಕೊಂಡು ಕೈತೊಳೆದುಕೊಳ್ಳುತ್ತವೆ. ಮಂಗಳೂರಿನ ಕಾರ್‌ಸ್ಟ್ರೀಟಿನಲ್ಲೋ ಉಡುಪಿಯ ರಥಬೀದಿಯ ಆಸುಪಾಸಿನಲ್ಲೋ ಇಬ್ಬರು ಮೂವರು ಕೆಲಸದವರನ್ನು ಇಟ್ಟುಕೊಂಡ ಅಂಗಡಿಗೂ ಈಗ ಆ ದಾರಿ ಇದೆ. 1 ಗ್ರಾಂ, 8 ಗ್ರಾಂ ತೂಕದ ಕಾಂಟ್ರ್ಯಾಕ್ಟುಗಳಿವೆ, ಖಾತೆ ಫೋನಿನಲ್ಲೇ ತೆರೆಯುತ್ತದೆ. ಒಳಗೆ ಹೋಗುವುದು ಸುಲಭ. ಸರಿಯಾದ ತೂಕ ಹೊಂದಿಸುವುದು, ನಡುವೆ ಬೇಕಾಗುವ ನಗದು ಕೈಯಲ್ಲಿಟ್ಟುಕೊಳ್ಳುವುದು, ಇವೆರಡೇ ಕಷ್ಟ.

ಇಲ್ಲಿ ಬರೆದಿರುವುದು ಅಂಗಡಿಯ ಚಿನ್ನಕ್ಕೆ ರಕ್ಷಣೆ ಬೇಕಾದವರಿಗೆ. ಏರಿಳಿತದ ಮೇಲೆ ಪಣ ಕಟ್ಟಿ ದುಡ್ಡು ಮಾಡುವ ಆಸೆ ಇದ್ದವರು 2024ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯ ನಿಯಂತ್ರಕ ಸೆಬಿ ಹೊರತಂದ ಅಧ್ಯಯನವನ್ನು ಒಮ್ಮೆ ನೋಡಲಿ. ಅದು ಷೇರು ಮಾರುಕಟ್ಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕುರಿತದ್ದು. ವೈಯಕ್ತಿಕ ವ್ಯಾಪಾರಿಗಳಲ್ಲಿ 100ಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ನಷ್ಟ ಮಾಡಿಕೊಂಡಿದ್ದರು. ಚಿನ್ನದಲ್ಲಿ ಕತೆ ಬೇರೆಯಾಗಿರುತ್ತದೆಂದು ನಂಬಲು ಕಾರಣವಿಲ್ಲ.

ನಮ್ಮೂರಿನ ಸರಕಿನಲ್ಲಿ ಯಾವುದಕ್ಕೆ ಫ್ಯೂಚರ್ಸ್ ಇದೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಅಡಿಕೆಗೆ ಇಲ್ಲ, ಗೇರುಬೀಜಕ್ಕೆ ಇಲ್ಲ, ಮೀನಿಗಂತೂ ಇಲ್ಲವೇ ಇಲ್ಲ. ಕಾಳುಮೆಣಸಿನದ್ದು ಒಂದು ಕಾಲದಲ್ಲಿ ಜೋರಾಗಿತ್ತು, ಆ ಕಾಲ ಹೋಯಿತು. ಅಡಿಕೆಯ ಬದಲು ಇನ್ನೇನನ್ನೋ ಕೊಂಡು ರಕ್ಷಣೆ ಮಾಡಿಕೊಳ್ಳಿ ಎನ್ನುವ ಸಲಹೆಗಾರರು ಸಿಕ್ಕಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹಸಿ ಗೇರುಬೀಜ ತರಿಸುವವರಿಗೆ, ಮೀನು ರಫ್ತು ಮಾಡುವವರಿಗೆ ಡಾಲರ್ ಫ್ಯೂಚರ್ಸ್ ಇದೆ, ಒಂದು ಲಾಟ್ (ಒಮ್ಮೆಗೆ ಕೊಳ್ಳಬಹುದಾದ ಕನಿಷ್ಠ ಅಳತೆ) 1,000 ಡಾಲರ್. ಆದರೆ 2024ರ ಮೇ 3ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಆಮದು ರಫ್ತಿನಂಥ ನಿಜವಾದ ವಿದೇಶಿ ಹಣದ ವ್ಯವಹಾರ ಇದ್ದವರು ಮಾತ್ರ ಅದನ್ನು ಮಾಡಬಹುದು. ಚಿನ್ನ ಬೆಳ್ಳಿಗೆ ಅಂಥ ಷರತ್ತಿಲ್ಲ.

ಯಾವ ತೂಕ, ಎಷ್ಟು ಲಾಟ್

ಎಂಸಿಎಕ್ಸ್‌ನಲ್ಲಿ ಚಿನ್ನದ ದೊಡ್ಡ ಕಾಂಟ್ರ್ಯಾಕ್ಟ್ 1 ಕಿಲೋ. ಅದನ್ನು ಮರೆತುಬಿಡಿ. ಗೋಲ್ಡ್ ಮಿನಿ 100 ಗ್ರಾಂ, ಗೋಲ್ಡ್ ಟೆನ್ 10 ಗ್ರಾಂ, ಗೋಲ್ಡ್ ಗಿನಿ 8 ಗ್ರಾಂ, ಗೋಲ್ಡ್ ಪೆಟಲ್ 1 ಗ್ರಾಂ. ಗಿನಿ ಎಂದರೆ ತೂಕದಲ್ಲಿ ನಮ್ಮ ಒಂದು ಪವನು. ಹಾಗೆಂದು ಹತ್ತು ಪವನಿಗೆ ಹತ್ತು ಗಿನಿ ಕೊಂಡರೆ ಲೆಕ್ಕ ತಪ್ಪುತ್ತದೆ. ಒಡವೆ 22 ಕ್ಯಾರೆಟಿನದು, ಫ್ಯೂಚರ್ಸ್ ಗಟ್ಟಿ ಚಿನ್ನದ್ದು. ಹತ್ತು ಪವನು 80 ಗ್ರಾಂ, ಅದನ್ನು 0.916ರಿಂದ ಗುಣಿಸಿದರೆ 73.28 ಗ್ರಾಂ. ಒಂಬತ್ತು ಗಿನಿ 72 ಗ್ರಾಂ ಆಗುತ್ತದೆ, ಬೇಕಿದ್ದರೆ ಒಂದು ಪೆಟಲ್ ಸೇರಿಸಿ. ಇನ್ನುಳಿದ ಚೂರಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಪರದೆಯ ಮೇಲಿನ ಬೆಲೆಯನ್ನು ಓದುವುದರಲ್ಲೂ ಎಡವುವುದುಂಟು. ಮಿನಿಯ ಬೆಲೆ ತೋರಿಸುವುದು 10 ಗ್ರಾಂಗೆ, ಆದ್ದರಿಂದ ಬೆಲೆ ಒಂದು ರೂಪಾಯಿ ಅಲುಗಿದರೆ ನಿಮ್ಮ ಲಾಟಿನಲ್ಲಿ 10 ರೂಪಾಯಿ ಅಲುಗಿತು. ಗಿನಿಯದ್ದು 8 ಗ್ರಾಂಗೆ, ಪೆಟಲಿನದ್ದು 1 ಗ್ರಾಂಗೆ, ಇವೆರಡರಲ್ಲೂ ರೂಪಾಯಿಗೆ ರೂಪಾಯಿ. ಬೆಳ್ಳಿಯ ಬೆಲೆ ಕಿಲೋಗೆ, ಮಿನಿ 5 ಕಿಲೋ, ಮೈಕ್ರೋ 1 ಕಿಲೋ. ಸಿಲ್ವರ್ ಮೈಕ್ರೋ ಎಂದು ತಿಳಿದು 30 ಕಿಲೋದ ದೊಡ್ಡ ಲಾಟ್ ಒತ್ತಿದರೆ ಆ ದಿನ ರಾತ್ರಿ ನಿದ್ದೆ ಬರುವುದಿಲ್ಲ. ಹುಡುಕುವಾಗ ಹೆಸರಿನ ಜೊತೆಗೆ ತಿಂಗಳನ್ನೂ ಓದಿ ಒತ್ತಿ.

ಎಂಸಿಎಕ್ಸ್ ಬೆಲೆಯಲ್ಲಿ ಆಮದು ಸುಂಕ ಸೇರಿದೆ, ಜಿಎಸ್‌ಟಿ ಸೇರಿಲ್ಲ. ಅಂಗಡಿಯ ಬೋರ್ಡಿನ 22 ಕ್ಯಾರೆಟ್ ದರದೊಡನೆ ಅದನ್ನು ನೇರವಾಗಿ ಹೋಲಿಸಬೇಡಿ. ಸುಂಕ ಬದಲಾದರೆ ಫ್ಯೂಚರ್ಸ್ ಆ ಕ್ಷಣವೇ ಜಿಗಿಯುತ್ತದೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ಸುಂಕ 15%ನಿಂದ 6%ಗೆ ಇಳಿದಾಗ 10 ಗ್ರಾಂಗೆ ಮೂರು ಸಾವಿರಕ್ಕೂ ಹೆಚ್ಚು ರೂಪಾಯಿ ಒಂದೇ ದಿನ ಬಿದ್ದಿತ್ತು.

ಕೊಳ್ಳಬೇಕೋ ಮಾರಬೇಕೋ ಎಂಬ ಗೊಂದಲ ಬಂದರೆ ಹೀಗೆ ನೋಡಿ: ಮುಂದೆ ಚಿನ್ನ ಕೊಳ್ಳಲಿಕ್ಕಿದೆ, ಮಾರುವ ಬೆಲೆ ಈಗಾಗಲೇ ನಿಂತಿದೆ ಎಂದಾದರೆ ಫ್ಯೂಚರ್ಸ್ ಕೊಳ್ಳಿ. ಚಿನ್ನ ಕೈಯಲ್ಲಿದೆ, ಮಾರುವ ಬೆಲೆ ನಿಂತಿಲ್ಲ, ಇಳಿದೀತೆಂಬ ಭಯವಿದೆ ಎಂದಾದರೆ ಫ್ಯೂಚರ್ಸ್ ಮಾರಿ. ಶೋಕೇಸಿನ ಒಡವೆ ಮಾರಾಟವಾದ ಸಂಜೆಯೇ ಅಷ್ಟು ಗಟ್ಟಿ ಚಿನ್ನ ತಂದಿಡುವ ಅಂಗಡಿಗೆ ಎರಡನೆಯದರ ಅಗತ್ಯ ಕಡಿಮೆ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. 'ಬುಕ್ ಮಾಡಿದ ದಿನದ ರೇಟು, ಕೊಳ್ಳುವ ದಿನದ ರೇಟು, ಎರಡರಲ್ಲಿ ಯಾವುದು ಕಡಿಮೆಯೋ ಅದು' ಎಂದು ಗಿರಾಕಿಗೆ ಮಾತು ಕೊಟ್ಟಿದ್ದರೆ ಫ್ಯೂಚರ್ಸ್ ನಿಮ್ಮನ್ನು ಕಾಯುವುದಿಲ್ಲ. ಬೆಲೆ ಇಳಿದರೆ ಫ್ಯೂಚರ್ಸಿನಲ್ಲಿ ನಷ್ಟ, ಒಡವೆಯನ್ನೂ ಇಳಿದ ಬೆಲೆಗೇ ಕೊಡಬೇಕು. ಅಂಥ ಮಾತಿಗೆ ಸರಿಹೊಂದುವುದು ಕಾಲ್ ಆಪ್ಷನ್, ಅಂದರೆ ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು. ಮುಂಗಡವಾಗಿ ಪ್ರೀಮಿಯಂ ಕಟ್ಟುತ್ತೀರಿ, ಏರಿದರೆ ಲಾಭ ಬರುತ್ತದೆ, ಇಳಿದರೆ ಪ್ರೀಮಿಯಂ ಮಾತ್ರ ಹೋಗುತ್ತದೆ. ಗೋಲ್ಡ್ ಮಿನಿಯ ಆಪ್ಷನ್ 100 ಗ್ರಾಂನದ್ದು, ಆದ್ದರಿಂದ ಎರಡು ಮೂರು ಬುಕಿಂಗ್ ಸೇರಿದ ಮೇಲೆ ತೆಗೆದುಕೊಳ್ಳುವುದು ಲೇಸು. ಆ ಪ್ರೀಮಿಯಮ್ಮಿನ ಮೊತ್ತ ನೋಡಿದ ಮೇಲೆ 'ಯಾವುದು ಕಡಿಮೆಯೋ ಅದು' ಎನ್ನುವ ಆಶ್ವಾಸನೆಗೆ ಬೆಲೆ ಎಷ್ಟೆಂದು ಗೊತ್ತಾಗುತ್ತದೆ. ಬಹಳ ಮಂದಿ ಅದನ್ನು ಗಿರಾಕಿಗೆ ಪುಕ್ಕಟೆ ಕೊಡುತ್ತಿದ್ದಾರೆ.

ಖಾತೆ ತೆರೆಯುವಾಗ

ಬೇಕಾಗುವುದು ಪ್ಯಾನ್, ಫೋನಿಗೆ ಜೋಡಿಸಿದ ಆಧಾರ್, ಬ್ಯಾಂಕ್ ಖಾತೆ, ಸಹಿಯ ಚಿತ್ರ. ಫ್ಯೂಚರ್ಸ್ ವಿಭಾಗಕ್ಕೆ ಆದಾಯದ ಪುರಾವೆಯೂ ಬೇಕು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಐಟಿ ರಿಟರ್ನ್ಸಿನ ಸ್ವೀಕೃತಿ ಸಾಕು. ಅರ್ಜಿಯಲ್ಲಿ 'ಕಮಾಡಿಟಿ' ಎಂಬ ಚೌಕಕ್ಕೆ ಗುರುತು ಹಾಕಿದ್ದೀರೋ ನೋಡಿ. ಅದನ್ನು ಬಿಟ್ಟರೆ ಷೇರು ಖಾತೆ ಮಾತ್ರ ತೆರೆದು, ಚಿನ್ನದ ಆರ್ಡರ್ ಹಾಕಿದಾಗ ತಿರಸ್ಕಾರ ಬರುತ್ತದೆ.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಒಬ್ಬರೇ ಮಾಲೀಕರಾಗಿದ್ದರೆ ಟ್ರೇಡಿಂಗ್ ಖಾತೆ ಮಾಲೀಕರ ಹೆಸರಿನಲ್ಲಿರುತ್ತದೆ, ಕರೆಂಟ್ ಅಕೌಂಟ್ ಅಂಗಡಿಯ ಹೆಸರಿನಲ್ಲಿ. ಎರಡೂ ತಾಳೆಯಾಗದೆ ಹಣ ವಾಪಸ್ ಬರುತ್ತದೆ. ಮಾಲೀಕರ ಹೆಸರಿನ ಉಳಿತಾಯ ಖಾತೆಯನ್ನೇ ಜೋಡಿಸಿ, ಅಂಗಡಿಯ ಖಾತೆಯಿಂದ ಅದಕ್ಕೆ ವರ್ಗಾಯಿಸಿ, ಲೆಕ್ಕದಲ್ಲಿ ಬರೆದಿಡಿ. ಪಾಲುದಾರಿಕೆಯಾದರೆ ಸಂಸ್ಥೆಯ ಪ್ಯಾನ್, ಪಾಲುಪತ್ರ, ಯಾರು ಆರ್ಡರ್ ಹಾಕಬಹುದೆಂದು ಎಲ್ಲ ಪಾಲುದಾರರೂ ಸಹಿ ಮಾಡಿದ ಪತ್ರ ಬೇಕು. ಇದು ಫೋನಿನಲ್ಲಿ ಮುಗಿಯುವ ಕೆಲಸವಲ್ಲ.

ನಮ್ಮ ಕಡೆ ಅರ್ಧ ವ್ಯಾಪಾರ ನಡೆಯುವುದು ಸೊಸೈಟಿ ಖಾತೆಗಳಲ್ಲಿ. ಸಹಕಾರಿ ಸಂಘದ ಖಾತೆ ಇದಕ್ಕೆ ಆಗದು, ಐಎಫ್‌ಎಸ್‌ಸಿ ಮತ್ತು ಯುಪಿಐ ಇರುವ ಬ್ಯಾಂಕ್ ಖಾತೆಯೇ ಬೇಕು. ಫ್ಯೂಚರ್ಸ್ ಇಟ್ಟುಕೊಳ್ಳಲು ಒತ್ತೆಯಾಗಿ ಕಟ್ಟಿಡಬೇಕಾದ ಹಣಕ್ಕೆ ಮಾರ್ಜಿನ್ ಎನ್ನುತ್ತಾರೆ. ಪಿಗ್ಮಿ ಹಣವನ್ನು ಮಾರ್ಜಿನ್‌ಗೆ ಆದೀತೆಂದು ಲೆಕ್ಕ ಹಾಕಬೇಡಿ. ರಾತ್ರಿ ಒಂಬತ್ತಕ್ಕೆ ಬೇಕಾದಾಗ ಪಿಗ್ಮಿ ಬಿಡಿಸಲು ಆಗುವುದಿಲ್ಲ. ಹೆಂಡತಿಯ, ಅಣ್ಣನ ಖಾತೆಯಿಂದಲೂ ಕಳಿಸುವಂತಿಲ್ಲ, ಬ್ರೋಕರ್ ಸ್ವೀಕರಿಸುವುದು ನಿಮ್ಮ ಹೆಸರಿಗೆ ಜೋಡಿಸಿದ ಖಾತೆಯಿಂದ ಬಂದದ್ದನ್ನು ಮಾತ್ರ.

ಬ್ರೋಕರ್ ಆಯ್ಕೆಯಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಆರ್ಡರಿಗೆ 20 ರೂಪಾಯಿಯ ಆ್ಯಪ್ ಬ್ರೋಕರ್ ಆಗಬಹುದು, ಊರಿನಲ್ಲಿ ಕಚೇರಿ ಇಟ್ಟ ಅಧಿಕೃತ ಪ್ರತಿನಿಧಿಯ ಮೂಲಕವೂ ಆಗಬಹುದು. ಫೋನಿನಲ್ಲಿ ಆರ್ಡರ್ ಹೇಳುವ ಸೌಲಭ್ಯ ಇರಲೇಬೇಕು, ಯಾಕೆಂದು ಮುಂದೆ ಬರುತ್ತದೆ. ಪ್ರತಿನಿಧಿ ನಗದು ಕೇಳಿದರೆ, ತನ್ನ ಸ್ವಂತ ಖಾತೆಗೆ ಹಾಕಿ ಎಂದರೆ, ಪಾಸ್‌ವರ್ಡ್ ತಾನೇ ಇಟ್ಟುಕೊಳ್ಳುತ್ತೇನೆ ಎಂದರೆ ಅಲ್ಲಿಗೇ ನಿಲ್ಲಿಸಿ.

ಮೊದಲ ಆರ್ಡರ್

ಮೊದಲು ಒಂದು ಪೆಟಲ್ ಮಾತ್ರ ಕೊಳ್ಳಿ. ಒಂದು ರಾತ್ರಿ ಇಟ್ಟು ಮರುದಿನ ಮಾರಿ. ಬ್ರೋಕರೇಜ್ ಎರಡು ಸಲ 20 ರೂಪಾಯಿ, ಒಂದು ಗ್ರಾಂಗೆ ಅದು ದುಬಾರಿಯೇ. ಆದರೆ ಕಾಂಟ್ರ್ಯಾಕ್ಟ್ ನೋಟ್ ಎಂಬ ವ್ಯವಹಾರದ ಬಿಲ್ಲು ಹೇಗೆ ಬರುತ್ತದೆ, ರಾತ್ರಿ ಲೆಡ್ಜರಿನಲ್ಲಿ ಎಷ್ಟು ಕಡಿತವಾಯಿತು, ಎಕ್ಸ್‌ಚೇಂಜಿನಿಂದ ಎಸ್ಸೆಮ್ಮೆಸ್ ಬಂತೇ ಎಂಬುದೆಲ್ಲ ಕಣ್ಣಾರೆ ಕಾಣುತ್ತದೆ.

ಆರ್ಡರ್ ಪುಟದಲ್ಲಿ ತಪ್ಪು ಆಗುವುದು ಹೆಚ್ಚಾಗಿ 'ಪ್ರಾಡಕ್ಟ್' ಎಂಬಲ್ಲಿ. ಇಂಟ್ರಾಡೇ ಅಥವಾ ಎಂಐಎಸ್ ಎಂದಿಟ್ಟರೆ ರಾತ್ರಿ ಮಾರುಕಟ್ಟೆ ಮುಚ್ಚುವ ಮುಂಚೆ ಬ್ರೋಕರಿನ ಕಂಪ್ಯೂಟರ್ ತಾನಾಗಿ ಅದನ್ನು ಮುಗಿಸಿಬಿಡುತ್ತದೆ. ಬೆಳಗ್ಗೆ ಎದ್ದಾಗ ನಿಮ್ಮ ಹತ್ತು ಪವನಿಗೆ ರಕ್ಷಣೆಯೇ ಇರುವುದಿಲ್ಲ. ತಿಂಗಳುಗಟ್ಟಲೆ ಇಡಬೇಕಾದ್ದು ಎನ್‌ಆರ್‌ಎಂಎಲ್ ಅಥವಾ ಕ್ಯಾರಿ ಫಾರ್ವರ್ಡ್ ಎಂಬುದರಲ್ಲಿ.

ಬೆಲೆಗೆ 'ಮಾರ್ಕೆಟ್' ಬಿಟ್ಟು 'ಲಿಮಿಟ್' ಒತ್ತಿ. ಗಿನಿಯಲ್ಲಿ ವ್ಯವಹಾರ ತೆಳು, ಮುಂದಿನ ತಿಂಗಳುಗಳಲ್ಲಂತೂ ಇನ್ನೂ ತೆಳು. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಅಂತರ ಇರುತ್ತದೆ. ಮಾರ್ಕೆಟ್ ಆರ್ಡರ್ ಹಾಕಿದರೆ ಸಿಕ್ಕಿದ ಬೆಲೆಗೆ ಹೋಗಿ ಬೀಳುತ್ತದೆ. ಮಾರ್ಕೆಟ್ ಡೆಪ್ತ್ ತೆರೆದು ಐದು ಸಾಲು ನೋಡಿ, ಅಂತರ ಜಾಸ್ತಿ ಕಂಡರೆ ಗಿನಿ ಬಿಟ್ಟು ಪೆಟಲ್ ಅಥವಾ ಟೆನ್ನಿನಲ್ಲಿ ಅಷ್ಟೇ ತೂಕ ಹೊಂದಿಸಿ.

ತಿಂಗಳು ಮುಗಿಯುವುದನ್ನು ಗಮನದಲ್ಲಿಡಿ. ಮಿನಿ ಆಯಾ ತಿಂಗಳ 5ಕ್ಕೆ ಮುಗಿಯುತ್ತದೆ, ಗಿನಿ ಮತ್ತು ಪೆಟಲ್ ತಿಂಗಳ ಕೊನೆಯ ದಿನ. ಕೊನೆಯ ಕೆಲವು ದಿನಗಳಲ್ಲಿ ನಿಜವಾದ ಚಿನ್ನವನ್ನೇ ಕೊಟ್ಟು ತೆಗೆದುಕೊಳ್ಳುವ ಡೆಲಿವರಿಯ ಅವಧಿ ಶುರುವಾಗುತ್ತದೆ. ಆಗ ಮಾರ್ಜಿನ್ ಏರುತ್ತದೆ, ಹೆಚ್ಚಿನ ಬ್ರೋಕರುಗಳು ಬಲವಂತವಾಗಿ ಮುಗಿಸುತ್ತಾರೆ. ಒಂದು ವಾರ ಮುಂಚೆಯೇ ಈ ತಿಂಗಳದ್ದನ್ನು ಮಾರಿ ಮುಂದಿನ ತಿಂಗಳದ್ದನ್ನು ಕೊಳ್ಳಿ. ಮುಂದಿನ ತಿಂಗಳ ಬೆಲೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚಿರುತ್ತದೆ, ಅದು ಬಡ್ಡಿಯ ಹಾಗೆ. ಆಗಸ್ಟಿನಿಂದ ನವೆಂಬರಿನವರೆಗೆ ಎರಡು ಮೂರು ಸಲ ಈ ಬಡ್ಡಿ ಕೊಡಬೇಕಾಗುತ್ತದೆ. ರೇಟು ಗಟ್ಟಿ ಮಾಡುವಾಗಲೇ ಅದನ್ನು ಗಿರಾಕಿಯ ಲೆಕ್ಕದಲ್ಲಿ ಸೇರಿಸಿ.

ದುಡ್ಡು ಎಲ್ಲಿ ಸಾಲದಾಗುತ್ತದೆ

ಲೆಕ್ಕ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ, ಮಾರ್ಜಿನ್ 10% ಎಂದಿಟ್ಟುಕೊಳ್ಳೋಣ. ನಿಜವಾದ ಮಾರ್ಜಿನ್ ದಿನಕ್ಕೊಂದು ಬಗೆ ಇರುತ್ತದೆ, ಆರ್ಡರ್ ಪುಟದಲ್ಲೇ ಕಾಣುತ್ತದೆ. ಒಂಬತ್ತು ಗಿನಿಯ ಬೆಲೆ 7,20,000. ಕಟ್ಟಬೇಕಾದ ಮಾರ್ಜಿನ್ 72,000. ನಾಳೆ ಚಿನ್ನ ಗ್ರಾಂಗೆ 400 ರೂಪಾಯಿ ಇಳಿದರೆ 28,800 ರೂಪಾಯಿ ಅದೇ ರಾತ್ರಿ ನಿಮ್ಮ ಖಾತೆಯಿಂದ ನಗದಾಗಿ ಹೋಗುತ್ತದೆ. ಇದಕ್ಕೆ ಎಂಟಿಎಂ ಎನ್ನುತ್ತಾರೆ. ಮಾರ್ಜಿನ್‌ಗೆ ಒತ್ತೆ ಇಟ್ಟ ಷೇರು ಈ ಕಡಿತಕ್ಕೆ ಆಗುವುದಿಲ್ಲ.

ಲೆಕ್ಕದಲ್ಲಿ ನಿಮಗೆ ನಷ್ಟವಿಲ್ಲ. ಇಲ್ಲಿ ಹೋದ 28,800 ನವೆಂಬರಿನಲ್ಲಿ ಗಟ್ಟಿ ಚಿನ್ನವನ್ನು ಅಗ್ಗಕ್ಕೆ ಕೊಂಡಾಗ ವಾಪಸ್ ಬರುತ್ತದೆ. ಆದರೆ ಹೋಗುವುದು ಇವತ್ತು, ಬರುವುದು ಮೂರು ತಿಂಗಳ ಮೇಲೆ. ನಡುವೆ ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ರೋಕರ್ ಕಾಂಟ್ರ್ಯಾಕ್ಟನ್ನು ಮುಗಿಸಿಬಿಡುತ್ತಾರೆ, ಅದೂ ಬೆಲೆ ತಳ ಕಂಡ ಹೊತ್ತಿಗೆ. ಮಾರನೆಯ ವಾರ ಚಿನ್ನ ಮತ್ತೆ ಏರಿದರೆ ಅತ್ತ ನಷ್ಟವೂ ಉಳಿಯಿತು, ಇತ್ತ ರಕ್ಷಣೆಯೂ ಹೋಯಿತು. ಸಣ್ಣ ಅಂಗಡಿಗಳು ಫ್ಯೂಚರ್ಸಿನಲ್ಲಿ ಕೈಸುಟ್ಟುಕೊಳ್ಳುವುದು ಬೆಲೆಯ ಅಂದಾಜು ತಪ್ಪಿ ಅಲ್ಲ, ಹೆಚ್ಚಾಗಿ ಹೀಗೆ ನಗದಿಲ್ಲದೆ.

ಹಾಗಾಗಿ ಮಾರ್ಜಿನ್ ಎಷ್ಟೋ ಅಷ್ಟನ್ನೇ ಇನ್ನೊಂದು ಪಾಲು ಬೇರೆ ಇಡಿ. ಈ ಲೆಕ್ಕದಲ್ಲಿ ಒಟ್ಟು ಸುಮಾರು 1,50,000. ಗಿರಾಕಿ ಕೊಟ್ಟ ಮುಂಗಡವನ್ನು ಇದಕ್ಕೆ ಬಳಸುವುದೇ ಸರಿ. ಅದನ್ನು ಬೇರೆ ಒಡವೆಯ ಕೂಲಿಗೆ, ಬಾಡಿಗೆಗೆ ಹಾಕಿದರೆ ರಕ್ಷಣೆಯ ಬುಡವೇ ಹೋಯಿತು. ಮುಂಗಡ 20%ಕ್ಕಿಂತ ಕಡಿಮೆಯಾದರೆ ರೇಟು ಗಟ್ಟಿ ಮಾಡಿಕೊಡಬೇಡಿ. ಇನ್ನೊಂದು ಕಾರಣವೂ ಇದೆ: ಬೆಲೆ 12% ಇಳಿದಾಗ 5% ಮುಂಗಡ ಕೊಟ್ಟವರು ಅದನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗುತ್ತಾರೆ, ನಷ್ಟದ ಫ್ಯೂಚರ್ಸ್ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಖರ್ಚು ದೊಡ್ಡದಲ್ಲ. ಮಾರುವಾಗ 0.01% ಸಿಟಿಟಿ ಎಂಬ ಸರಕು ವಹಿವಾಟಿನ ತೆರಿಗೆ, ಅಂದರೆ 72 ರೂಪಾಯಿ. ಕೊಳ್ಳುವಾಗ 0.002% ಸ್ಟಾಂಪ್, 14 ರೂಪಾಯಿ ಚಿಲ್ಲರೆ. ಬ್ರೋಕರೇಜ್ 40, ಎಕ್ಸ್‌ಚೇಂಜ್ ಶುಲ್ಕ, ಅವುಗಳ ಮೇಲೆ 18% ಜಿಎಸ್‌ಟಿ. ಎಲ್ಲ ಸೇರಿ ಒಂದು ಸುತ್ತಿಗೆ 200 ರೂಪಾಯಿಯ ಒಳಗೆ ಮುಗಿಯುತ್ತದೆ. ಫೋನಿನಲ್ಲಿ ಹೇಳಿ ಹಾಕಿಸಿದರೆ ಅದಕ್ಕೆ ಪ್ರತ್ಯೇಕ ಶುಲ್ಕ ಇರುತ್ತದೆ.

ಹೊತ್ತು, ಕರೆಂಟು, ನೆಟ್‌ವರ್ಕು

ವ್ಯವಹಾರ ಬೆಳಗ್ಗೆ 9ರಿಂದ ರಾತ್ರಿ 11:30ರವರೆಗೆ, ಅಮೆರಿಕದ ಚಳಿಗಾಲದ ಸಮಯದಲ್ಲಿ 11:55ರವರೆಗೆ. ಅಮೆರಿಕದ ದೊಡ್ಡ ಅಂಕಿಅಂಶಗಳು ಬರುವುದು ನಮ್ಮ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ, ಅಂಗಡಿಯಲ್ಲಿ ಗಿರಾಕಿ ತುಂಬಿರುವ ಹೊತ್ತಿಗೆ ಸರಿಯಾಗಿ. ಅಲ್ಲಿನ ಫೆಡರಲ್ ರಿಸರ್ವಿನ ಬಡ್ಡಿದರದ ನಿರ್ಧಾರ ಬರುವುದು ರಾತ್ರಿ 11:30ಕ್ಕೆ, ಚಳಿಗಾಲದಲ್ಲಿ 12:30ಕ್ಕೆ, ಅಂದರೆ ಎಂಸಿಎಕ್ಸ್ ಮುಚ್ಚುವ ಹೊತ್ತಿಗೆ ಅಥವಾ ಮುಚ್ಚಿದ ಮೇಲೆ. ಮರುದಿನ 9 ಗಂಟೆಗೆ ಬೆಲೆ ಎಲ್ಲಿಂದ ಶುರುವಾಗುತ್ತದೋ, ಇಂತಿಷ್ಟು ಇಳಿದರೆ ತಾನಾಗಿ ಮಾರಲಿ ಎಂದು ನೀವು ಇಟ್ಟ ಸ್ಟಾಪ್ ಲಾಸ್ ಆರ್ಡರ್ ಅದನ್ನು ತಡೆಯಲಾರದು. ಆ ದಿನಗಳಲ್ಲಿ ಖಾತೆಯಲ್ಲಿ ಹೆಚ್ಚು ಹಣ ಇರಲಿ.

ರಜೆಯ ಪಟ್ಟಿ ಮುಂಬಯಿಯದು. ವಿಟ್ಲಪಿಂಡಿಗೆ ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಾಗಲೂ ಚಿನ್ನ ಅಲ್ಲಿ ಏರಿಳಿಯುತ್ತಿರಬಹುದು. ಕೆಲವು ರಜೆಗಳಂದು ಬೆಳಗಿನ ಅವಧಿ ಮಾತ್ರ ಮುಚ್ಚಿ ಸಂಜೆ 5ಕ್ಕೆ ತೆರೆಯುತ್ತದೆ.

ಜೂನ್ ಜುಲೈಯ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದು ಇಲ್ಲಿ ಹೊಸದಲ್ಲ. ಎರಡು ಬೇರೆ ಕಂಪೆನಿಗಳ ಸಿಮ್, ಚಾರ್ಜಾದ ಪವರ್ ಬ್ಯಾಂಕ್, ಬ್ರೋಕರಿನ ಆರ್ಡರ್ ಫೋನ್ ನಂಬರ್ ಮತ್ತು ನಿಮ್ಮ ಕ್ಲೈಂಟ್ ಕೋಡನ್ನು ಕಾಗದದಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿಡಿ. ಲಾಗಿನ್ನಿನ ಆರಂಕಿಯ ಕೋಡ್ ಕೊಡುವ ಆ್ಯಪನ್ನು ಇನ್ನೊಂದು ಫೋನಿನಲ್ಲೂ ಹಾಕಿಡಿ, ಒಂದು ಫೋನ್ ನೀರಿಗೆ ಬಿದ್ದರೆ ಒಳಗೇ ಹೋಗಲಾಗದು. ತೊಂದರೆ ಎಕ್ಸ್‌ಚೇಂಜಿನದೇ ಆದರೆ ಏನೂ ಮಾಡುವಂತಿಲ್ಲ. 2025ರ ಅಕ್ಟೋಬರ್ 28ರಂದು ಎಂಸಿಎಕ್ಸ್‌ನಲ್ಲಿ ತಾಂತ್ರಿಕ ದೋಷದಿಂದ ಮಧ್ಯಾಹ್ನದವರೆಗೆ ವ್ಯವಹಾರವೇ ಶುರುವಾಗಿರಲಿಲ್ಲ.

ಕಚ್ಚಾ ತೈಲದ ಕಡೆ ಕೈಹಾಕಲೇ ಬೇಡಿ. ಲಾಕ್‌ಡೌನ್ ಕಾಲದಲ್ಲಿ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. 2020ರ ಏಪ್ರಿಲ್ 20ರ ರಾತ್ರಿ ಅಮೆರಿಕದಲ್ಲಿ ತೈಲದ ಬೆಲೆ ಸೊನ್ನೆಗಿಂತ ಕೆಳಗಿಳಿದು, ಇಲ್ಲಿನ ಕಾಂಟ್ರ್ಯಾಕ್ಟ್ ಬ್ಯಾರೆಲಿಗೆ ಮೈನಸ್ 2,884 ರೂಪಾಯಿಗೆ ಚುಕ್ತಾ ಆಯಿತು. 100 ಬ್ಯಾರೆಲಿನ ಒಂದು ಲಾಟ್ ಕೊಂಡಿದ್ದವರು ಕೊಂಡ ಬೆಲೆಯನ್ನೂ ಕಳೆದುಕೊಂಡು, ಮೇಲಿಂದ 2,88,400 ರೂಪಾಯಿ ಕಟ್ಟಬೇಕಾಯಿತು. ಮಾರಿ ಹೊರಬರೋಣವೆಂದರೆ ಮಾರುಕಟ್ಟೆಯೇ ತೆರೆದಿರಲಿಲ್ಲ.

ಡಬ್ಬಾ ಮತ್ತು ನಕಲಿ ಆ್ಯಪ್

'ಮಾರ್ಜಿನ್ ಬೇಡ, ಟ್ಯಾಕ್ಸ್ ಇಲ್ಲ, ವಾರಕ್ಕೊಮ್ಮೆ ನಗದು ಲೆಕ್ಕ' ಎಂದರೆ ಅದು ಡಬ್ಬಾ. ಆರ್ಡರ್ ಎಕ್ಸ್‌ಚೇಂಜಿಗೆ ಹೋಗುವುದೇ ಇಲ್ಲ, ನೀವು ಗೆದ್ದರೆ ಕೊಡಬೇಕಾದವರು ಆ ನಡೆಸುವವರೇ. ಅದು ಅಪರಾಧ, ಮಾಡಿದವರು ದೂರು ಕೊಡಲೂ ಹಿಂಜರಿಯುತ್ತಾರೆ. ಗುರುತಿಸುವುದು ಸುಲಭ: ಕಾಂಟ್ರ್ಯಾಕ್ಟ್ ನೋಟ್ ಇಲ್ಲ, ಎಂಸಿಎಕ್ಸ್‌ನಿಂದ ಎಸ್ಸೆಮ್ಮೆಸ್ ಇಲ್ಲ, ಬಿಲ್ಲಿನಲ್ಲಿ ಸಿಟಿಟಿ ಇಲ್ಲ.

ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಬರುವ ಆ್ಯಪ್ ಇನ್ನೂ ಕೆಟ್ಟದು. ಪರದೆಯಲ್ಲಿ ಲಾಭ ಬೆಳೆಯುತ್ತಲೇ ಇರುತ್ತದೆ, ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ. ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ಇಳಿಸಿ, ಬ್ರೋಕರಿನ ನೋಂದಣಿಯನ್ನು ಸೆಬಿ ಜಾಲತಾಣದಲ್ಲಿ ನೋಡಿ. 2025ರ ಅಕ್ಟೋಬರಿನಿಂದ ನೋಂದಾಯಿತ ಬ್ರೋಕರುಗಳ ಯುಪಿಐ ವಿಳಾಸದಲ್ಲಿ 'ವ್ಯಾಲಿಡ್' ಎಂಬ ಗುರುತು ಬರುವ ಏರ್ಪಾಡು ಆಗಿದೆ. ಹಣ ಹೋಗಿದೆ ಎಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಂಗಳೂರು, ಉಡುಪಿ ಎರಡೂ ಕಡೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಆದರೆ ಮೊದಲು ಫೋನ್, ಆಮೇಲೆ ಠಾಣೆ, ಯಾಕೆಂದರೆ ಹಣವನ್ನು ಬ್ಯಾಂಕಿನಲ್ಲಿ ತಡೆಯಲು ಸಿಗುವುದು ಕೆಲವೇ ಗಂಟೆ. ನೋಂದಾಯಿತ ಬ್ರೋಕರಿನೊಡನೆ ತಕರಾರಾದರೆ ಮೊದಲು ಅವರಿಗೇ ಇಮೇಲ್ ಬರೆಯಿರಿ, ಆಗದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲಿನಲ್ಲಿ ದೂರು ಹಾಕಿ. ಉತ್ತರಕ್ಕೆ 21 ದಿನಗಳ ಗಡುವಿದೆ.

ಇನ್ನು ಲೆಕ್ಕಪತ್ರ. ಎಂಸಿಎಕ್ಸ್ ಫ್ಯೂಚರ್ಸಿನ ಲಾಭನಷ್ಟ ವ್ಯಾಪಾರದ ಆದಾಯವೇ, ಸಟ್ಟಾ ಆದಾಯವಲ್ಲ. ಆದ್ದರಿಂದ ಆ ವರ್ಷದ ನಷ್ಟವನ್ನು ಅಂಗಡಿಯ ಲಾಭದಲ್ಲಿ ಕಳೆಯಬಹುದು, ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಡಬ್ಬಾದ ನಷ್ಟಕ್ಕೆ ಇದೊಂದೂ ಇಲ್ಲ. ಪ್ರತಿ ಬುಕಿಂಗಿನ ರಸೀದಿಯ ಹಿಂದೆ ಅದಕ್ಕಾಗಿ ಕೊಂಡ ಲಾಟ್, ತಿಂಗಳು, ಬೆಲೆ, ದಿನಾಂಕ ಬರೆದಿಡಿ. ಒಡವೆ ಗಿರಾಕಿಯ ಕೈ ಸೇರಲು ಗಟ್ಟಿ ಚಿನ್ನ ಕೊಂಡ ದಿನವೇ, ಅದೇ ಹೊತ್ತಿಗೆ ಆ ಲಾಟುಗಳನ್ನು ಮಾರಿ ಮುಗಿಸಿ. ಗಟ್ಟಿ ಕೊಂಡಾಯಿತು, ಫ್ಯೂಚರ್ಸ್ ಇನ್ನೂ ಏರೀತು ಎಂದು ಇಟ್ಟುಕೊಂಡರೆ ಅಲ್ಲಿಂದಾಚೆಗೆ ಅದು ಬರೀ ಪಣ.